ರೌಟರ್ ಬದಲಾದ ಮೇಲೆ ಮುನಿಸಿಕೊಂಡ ಕ್ಯಾಮೆರಾ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಅಡಿಕೆ ತೋಟ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ಕಣ್ಣಿಡಲು ಎರಡು ವರ್ಷದ ಹಿಂದೆ ವೈ-ಫೈ ಕ್ಯಾಮೆರಾ ಹಾಕಿಸಿದ್ದೆವು. ಚಿತ್ತೆ ಮಳೆಯ ಸಿಡಿಲಿಗೆ ರೌಟರ್ ಸುಟ್ಟು ಹೋಗಿ ಹೊಸದು ಬಂತು. ಅಂದಿನಿಂದ ಕ್ಯಾಮೆರಾ ಸೇರಿಕೊಳ್ಳುತ್ತಿಲ್ಲ. ಕೆಂಪು ದೀಪ ಮಿನುಗುತ್ತದೆ, ಧ್ವನಿಯೂ ಬರುತ್ತದೆ. ಹತ್ತಾರು ಸಲ ರೀಸೆಟ್ ಮಾಡಿದೆವು. ಅಂಗಡಿಯವರು ‘ಕ್ಯಾಮೆರಾ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎನ್ನುತ್ತಾರೆ. ಏನು ಮಾಡುವುದು?

ಉತ್ತರ: ಮೊದಲು ಆ ರೀಸೆಟ್ ಪಿನ್ನನ್ನು ಕೆಳಗಿಡಿ. ದೀಪ ಮಿನುಗಿಸಿ ಮಾತನಾಡುವ ಕ್ಯಾಮೆರಾ ಸತ್ತಿರುವ ಸಾಧ್ಯತೆ ಕಡಿಮೆ. ಹೊಸ ರೌಟರಿನ ಮಾತು ಅದಕ್ಕೆ ಅರ್ಥವಾಗುತ್ತಿಲ್ಲ, ಅಷ್ಟೇ.

ನಿಜ ಹೇಳಬೇಕೆಂದರೆ ರೌಟರ್ ಬಂದ ದಿನವೇ ಇದನ್ನು ಎರಡು ನಿಮಿಷದಲ್ಲಿ ಸರಿಪಡಿಸಬಹುದಿತ್ತು. ಕ್ಯಾಮೆರಾ ನೆನಪಿಟ್ಟುಕೊಳ್ಳುವುದು ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನು, ರೌಟರ್ ಡಬ್ಬಿಯನ್ನಲ್ಲ. ಹೊಸ ರೌಟರಿಗೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಒಂದು ಅಕ್ಷರವೂ ವ್ಯತ್ಯಾಸವಾಗದಂತೆ ಕೊಟ್ಟಿದ್ದರೆ ಬಹುಪಾಲು ಕ್ಯಾಮೆರಾಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ನೀವು ರೀಸೆಟ್ ಒತ್ತಿದಾಗ ಆ ನೆನಪೂ ಅಳಿಸಿ ಹೋಯಿತು. ಮುಂದಿನ ಸಿಡಿಲಿಗೆ ಈ ಉಪಾಯ ನೆನಪಿರಲಿ.

ಈಗ ಕಂಬದಿಂದ ಕ್ಯಾಮೆರಾವನ್ನು ಇಳಿಸಿ, ಅದರದೇ ಅಡಾಪ್ಟರ್‌ನೊಂದಿಗೆ ರೌಟರ್ ಪಕ್ಕದ ಮೇಜಿನ ಮೇಲೆ ತಂದಿಡಿ. ಏಣಿಯ ಮೇಲೆ ನಿಂತು ಯಾರೂ ಈ ಕೆಲಸ ಮಾಡಬಾರದು. ಇನ್ನು ಎರಡು ಮೊಬೈಲ್ ಬೇಕು. ಒಂದರಲ್ಲಿ ಹಾಟ್‌ಸ್ಪಾಟ್ ಹಾಕಿ, ಅದನ್ನು ವೈ-ಫೈ ಬಳಸುವ ಎರಡು ಮುಖ್ಯ ತರಂಗ ಪಟ್ಟಿಗಳಲ್ಲಿ (ಬ್ಯಾಂಡ್) ಒಂದಾದ 2.4 ಗಿಗಾಹರ್ಟ್ಸ್‌ಗೆ ನಿಲ್ಲಿಸಿ (ಹೊಸ ಐಫೋನಿನಲ್ಲಿ ಇದಕ್ಕೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿ ಇರುತ್ತದೆ). ಇನ್ನೊಂದು ಮೊಬೈಲನ್ನು ಆ ಹಾಟ್‌ಸ್ಪಾಟಿಗೆ ಸೇರಿಸಿ, ಅದರಲ್ಲಿರುವ ಆ್ಯಪ್‌ನಿಂದ ಕ್ಯಾಮೆರಾ ಜೋಡಿಸಿ ನೋಡಿ. ಸೇರಿಕೊಂಡಿತೋ, ಕ್ಯಾಮೆರಾ ಗಟ್ಟಿಯಾಗಿದೆ, ತಕರಾರು ರೌಟರಿನಲ್ಲಿದೆ. ಈ ಹತ್ತು ನಿಮಿಷದ ಪರೀಕ್ಷೆ ಮಾಡದೆ ಹೊಸ ಕ್ಯಾಮೆರಾ ಕೊಳ್ಳುವುದು ಥರ್ಮಾಮೀಟರ್ ಇಡದೆ ಜ್ವರದ ಮಾತ್ರೆ ನುಂಗಿದ ಹಾಗೆ.

ರೌಟರಿನಲ್ಲಿ ನನ್ನ ಮೊದಲ ಅನುಮಾನ ಎರಡು ಬ್ಯಾಂಡ್‌ಗಳ ಮೇಲೆ. ಕಡಿಮೆ ಬೆಲೆಯ ಬಹಳಷ್ಟು ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹಾಗೆಂದು ಅದು ದೋಷವೇನಲ್ಲ. ಗೋಡೆ ದಾಟಿ ದೂರ ಹೋಗುವ ವಿಷಯದಲ್ಲಿ 5 ಗಿಗಾಹರ್ಟ್ಸ್‌ಗಿಂತ ಅದೇ ವಾಸಿ, ಮಲೆನಾಡಿನ ದಪ್ಪ ಗೋಡೆಗೆ ಬೇಕಾದದ್ದೂ ಅದೇ. ಹೊಸ ರೌಟರ್‌ಗಳು ಎರಡೂ ಬ್ಯಾಂಡ್‌ಗಳನ್ನು ಒಂದೇ ಹೆಸರಿನಲ್ಲಿ ಪ್ರಸಾರ ಮಾಡುತ್ತವೆ. ನಿಮ್ಮ ಮೊಬೈಲ್ 5ರಲ್ಲಿ ಕುಳಿತಿರುತ್ತದೆ, ಕ್ಯಾಮೆರಾ 2.4ರಲ್ಲಿ ಹುಡುಕುತ್ತಿರುತ್ತದೆ, ಆ್ಯಪ್ ಗೊಂದಲಕ್ಕೆ ಬಿದ್ದು ಕೈಚೆಲ್ಲುತ್ತದೆ. ರೌಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 192.168.1.1 ಎಂಬಂಥ ವಿಳಾಸ ಮತ್ತು ಲಾಗಿನ್ ವಿವರ ಇರುತ್ತದೆ. ಆ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು ಎರಡೂ ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರು ಕೊಡಿ. ಆ ಸೌಲಭ್ಯವೇ ಇಲ್ಲದಿದ್ದರೆ ಅತಿಥಿಗಳಿಗೆಂದು ಇರುವ ನೆಟ್‌ವರ್ಕನ್ನು 2.4ರಲ್ಲಿ ಮಾತ್ರ ಆನ್ ಮಾಡಿ, ಅದನ್ನು ಕ್ಯಾಮೆರಾಕ್ಕೆ ಬಿಟ್ಟುಕೊಡಿ.

ಅದೇ ಪುಟದಲ್ಲಿ ಭದ್ರತೆಯ ವಿಧಾನವನ್ನೂ ನೋಡಿ. ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಕ್ಯಾಮೆರಾ ಒಳಗೇ ಬರಲಾರದು, ಡಬ್ಲ್ಯುಪಿಎ2 ಆರಿಸಿ. 2.4ರ ಚಾನೆಲ್ (ಬ್ಯಾಂಡಿನೊಳಗಿನ ಓಣಿ) 12 ಅಥವಾ 13 ಎಂದಿದ್ದರೆ 1, 6, 11ರಲ್ಲಿ ಒಂದಕ್ಕೆ ಬದಲಿಸಿ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಉಪಕರಣಗಳು ಸಾಮಾನ್ಯವಾಗಿ 11ರ ಆಚೆಗೆ ಕಣ್ಣು ಹಾಯಿಸುವುದಿಲ್ಲ. ವೈ-ಫೈಗೆ ಅಭಿಮಾನದಿಂದ ಕನ್ನಡ ಲಿಪಿಯಲ್ಲಿ ಹೆಸರಿಟ್ಟಿದ್ದರೆ, ಮನಸ್ಸಿಲ್ಲದ ಮನಸ್ಸಿನಿಂದ ಹೇಳುತ್ತೇನೆ, ಅದನ್ನೂ ಬದಲಿಸಿ ನೋಡಿ. ಮೊಬೈಲಿಗೆ ಅದು ಚೆನ್ನಾಗಿ ಓದಲು ಬರುತ್ತದೆ, ಆದರೆ ಕೆಲವು ಕ್ಯಾಮೆರಾಗಳು ಮುಗ್ಗರಿಸುತ್ತವೆ. ಪಾಸ್‌ವರ್ಡಿನ ನಡುವಿನ ಖಾಲಿ ಜಾಗ, ಚಿಹ್ನೆಗಳದೂ ಇದೇ ಕಥೆ.

ಮೊಬೈಲಿನ ಕಡೆಯಿಂದಲೂ ಅಡ್ಡಿ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗೆ ಸ್ಥಳದ ಅನುಮತಿ ಕೊಡದಿದ್ದರೆ ಅದಕ್ಕೆ ವೈ-ಫೈ ಹೆಸರು ಓದಲು ಆಗುವುದಿಲ್ಲ. ವಿಪಿಎನ್ (ಇಂಟರ್‌ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಆ್ಯಪ್) ಇದ್ದರೆ ನಿಲ್ಲಿಸಿ. ಜೋಡಿಸುವಾಗ ಮೊಬೈಲ್ ಡೇಟಾ ಆಫ್ ಮಾಡುವುದೂ ಒಳ್ಳೆಯದು, ಏಕೆಂದರೆ ಜೋಡಣೆಗೆಂದು ಕ್ಯಾಮೆರಾ ತಾನೇ ಹೊರಡಿಸುವ ತಾತ್ಕಾಲಿಕ ವೈ-ಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡೊಡನೆ ಮೊಬೈಲ್ ಸದ್ದಿಲ್ಲದೆ ಡೇಟಾಕ್ಕೆ ಜಾರುತ್ತದೆ.

ಇನ್ನೊಂದು ಮಾತು. ಈ ಕ್ಯಾಮೆರಾವನ್ನು ಮೊದಲು ಯಾರ ಮೊಬೈಲಿನಲ್ಲಿ ನೋಂದಾಯಿಸಿದ್ದಿರಿ? ಊರಿನ ಮನೆಗಳಲ್ಲಿ ಬಹುತೇಕ ಬೆಂಗಳೂರಿನಲ್ಲಿರುವ ಮಗನೋ ಮಗಳೋ ಹಬ್ಬಕ್ಕೆ ಬಂದಾಗ ಜೋಡಿಸಿಟ್ಟು ಹೋಗಿರುತ್ತಾರೆ. ಹಲವು ಕಂಪನಿಗಳ ಕ್ಯಾಮೆರಾ ಒಂದು ಖಾತೆಗೆ ಗಂಟು ಬಿದ್ದರೆ ಆ ಖಾತೆಯಿಂದ ತೆಗೆಯುವವರೆಗೆ ಬೇರೆಯವರಿಗೆ ಒಲಿಯುವುದಿಲ್ಲ. ಗಂಟು ಇರುವುದು ಕಂಪನಿಯ ಸರ್ವರಿನಲ್ಲಿ; ನೂರು ಸಲ ರೀಸೆಟ್ ಒತ್ತಿದರೂ ಬಿಚ್ಚದು. ಒಂದು ಫೋನ್ ಮಾಡಿ, ಅವರ ಆ್ಯಪ್‌ನಿಂದ ಕ್ಯಾಮೆರಾ ಅಳಿಸಲು ಹೇಳಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಗೋದಾಮಿದೆ. ಎಂಟು ಪಿಒಇ (ನೆಟ್‌ವರ್ಕ್ ಕೇಬಲ್ಲಿನಿಂದಲೇ ವಿದ್ಯುತ್ ಪಡೆಯುವ) ಕ್ಯಾಮೆರಾಗಳಲ್ಲಿ ಗೇಟಿನದು ಮಾತ್ರ ಸಂಜೆ ಏಳರ ಹೊತ್ತಿಗೆ ಮಾಯವಾಗಿ ಬೆಳಿಗ್ಗೆ ತಾನಾಗಿಯೇ ಮರಳುತ್ತದೆ. ಕ್ಯಾಮೆರಾ ಬದಲಿಸಿದರೂ ಅದೇ ಪಾಡು.

ಉತ್ತರ: ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹತ್ತಿಕೊಳ್ಳುತ್ತವೆ, ವಿದ್ಯುತ್ತಿನ ಬೇಡಿಕೆ ಏರುತ್ತದೆ. ಕೇಬಲ್ ಅಷ್ಟನ್ನು ತಲುಪಿಸಲಾರದೆ ಕ್ಯಾಮೆರಾ ನಂದಿ ಹೋಗುತ್ತದೆ. ಒಂದು ರಾತ್ರಿ ಸೆಟ್ಟಿಂಗ್‌ನಲ್ಲಿ ಆ ದೀಪಗಳನ್ನು ಆಫ್ ಮಾಡಿಡಿ. ಕಪ್ಪು ಚಿತ್ರವಾದರೂ ಬೆಳಗಿನವರೆಗೆ ಬಂದರೆ ರೋಗ ಪತ್ತೆಯಾದಂತೆ.

ಮೂಲ ಪಿಒಇ ಮಾನದಂಡದಲ್ಲಿ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಕಳುಹಿಸುವುದು ಗರಿಷ್ಠ 15.4 ವಾಟ್, ದಾರಿಯ ನಷ್ಟ ಕಳೆದು ಕ್ಯಾಮೆರಾಕ್ಕೆ ಖಾತರಿ ಇರುವುದು 12.95. ಈ ಲೆಕ್ಕ ನಿಲ್ಲುವುದು ಶುದ್ಧ ತಾಮ್ರದ ಕೇಬಲ್ 100 ಮೀಟರ್ ಮೀರದಿದ್ದಾಗ. ತುದಿಯ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರದ ಮುಲಾಮು ಬಳಿದ ಅಲ್ಯೂಮಿನಿಯಂ. ಅಗ್ಗವೆಂದು ಧಾರಾಳವಾಗಿ ಎಳೆಯುವ ಈ ತಂತಿಯ ಪ್ರತಿರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಕ್ಯಾಮೆರಾಕ್ಕೆ ಎರಡು ಸಲ ದುಡ್ಡು ಸುರಿಯುವ ಬದಲು ಕೇಬಲ್ಲಿಗೆ ಒಮ್ಮೆ ಸುರಿಯಬೇಕಿತ್ತು. ಬದಲಿಸುವ ಮುನ್ನ ನಡುವೆ ಎಲ್ಲಾದರೂ ಟೇಪು ಸುತ್ತಿದ ಜೋಡಣೆ ಇದೆಯೇ ನೋಡಿ. ಮಳೆ ನೀರು ಕುಡಿದು ಹಸಿರುಗಟ್ಟಿದ ಜೋಡಣೆಯೂ ಇದೇ ಆಟ ಆಡಿಸುತ್ತದೆ.

ಪ್ರಶ್ನೆ: ಕಚೇರಿಗೆ ತಂದ ಹೊಸ ಕ್ಯಾಮೆರಾದ ವಿಳಾಸ 192.168.1.64 ಎಂದು ಕೈಪಿಡಿಯಲ್ಲಿದೆ. ಬ್ರೌಸರ್‌ನಲ್ಲಿ ಹಾಕಿದರೆ ಏನೂ ತೆರೆಯುವುದಿಲ್ಲ. ನಮ್ಮ ಉಳಿದ ಯಂತ್ರಗಳ ವಿಳಾಸ 192.168.0 ಎಂದು ಶುರುವಾಗುತ್ತದೆ.

ಉತ್ತರ: ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಕ್ಯಾಮೆರಾ, ಕಂಪ್ಯೂಟರ್ ಇಬ್ಬರೂ ಬೇರೆ ಬೇರೆ ಬೀದಿಯಲ್ಲಿದ್ದಾರೆ. ಕಂಪ್ಯೂಟರಿಗೆ ತಾತ್ಕಾಲಿಕವಾಗಿ 192.168.1.10, ಸಬ್‌ನೆಟ್ ಮಾಸ್ಕ್ 255.255.255.0 ಕೊಟ್ಟರೆ ಪುಟ ತೆರೆಯುತ್ತದೆ. ಅಲ್ಲಿ ಗಟ್ಟಿ ಪಾಸ್‌ವರ್ಡ್ ಇಟ್ಟು, ಕ್ಯಾಮೆರಾಕ್ಕೆ ನಿಮ್ಮ 192.168.0 ಸಾಲಿನ, ಬೇರೆ ಯಂತ್ರಕ್ಕೆ ಹೋಗದ ಒಂದು ವಿಳಾಸ ಕೊಡಿ. ಗೇಟ್‌ವೇ ಜಾಗದಲ್ಲಿ ರೌಟರಿನ ವಿಳಾಸ ತುಂಬುವುದನ್ನು ಬಿಡಬೇಡಿ, ಬಿಟ್ಟರೆ ಕಚೇರಿಯೊಳಗೆ ಕಾಣುವ ಚಿತ್ರ ಹೊರಗಿನ ಮೊಬೈಲಿನಲ್ಲಿ ಕಾಣದು. ಹೊರಗಿನಿಂದ ನೋಡಲೆಂದು ರೌಟರಿನಲ್ಲಿ ಪೋರ್ಟ್ (ಹೊರಗಿನವರು ನೇರ ಒಳಬರಬಹುದಾದ ಬಾಗಿಲು) ತೆರೆದಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹಾಗೆ ತೆರೆದಿಟ್ಟ ಕ್ಯಾಮೆರಾ, ರೆಕಾರ್ಡರ್‌ಗಳಿಗೆ ಕಾರ್ಖಾನೆಯ ಪಾಸ್‌ವರ್ಡ್ ಹಾಕಿಯೇ ನುಗ್ಗಿತ್ತು.

ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ವಿಳಾಸವನ್ನು ಸ್ವಯಂಚಾಲಿತಕ್ಕೆ ಮರಳಿಸಿ. ಮರೆತರೆ ‘ಇಂಟರ್‌ನೆಟ್ ಬರುತ್ತಿಲ್ಲ’ ಎಂಬ ಮುಂದಿನ ಪ್ರಶ್ನೆ ನಿಮ್ಮಿಂದಲೇ ಬಂದೀತು.