ಓಪನ್ ಸೋರ್ಸ್ ಬಳಸಿದ ಯಂತ್ರವನ್ನು ಮಾರಬಹುದೇ?

ಪ್ರಶ್ನೆ: ನಾವು ಮೂವರು ಸ್ನೇಹಿತರು ದಿನಸಿ ಅಂಗಡಿಗಳಿಗಾಗಿ ಬಿಲ್ಲಿಂಗ್ ಯಂತ್ರ ತಯಾರಿಸುತ್ತಿದ್ದೇವೆ. ಅದರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ, ಬ್ಯುಸಿಬಾಕ್ಸ್ ಎಂಬ ಪುಟ್ಟ ಪ್ರೋಗ್ರಾಮುಗಳ ಕಟ್ಟು ಮತ್ತು ಹಲವು ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ, ಬದಲಿಸಿ, ಬಳಸಬಹುದಾದ) ಲೈಬ್ರರಿಗಳು, ಅಂದರೆ ಸಿದ್ಧ ಕೋಡಿನ ಭಾಗಗಳು, ಇವೆ. ಇದನ್ನು ಮಾರಬಹುದೇ? ನಮ್ಮ ಕೋಡನ್ನೂ ಬಹಿರಂಗಪಡಿಸಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಮಾರಬಹುದು. ಮಾರಾಟವನ್ನು ತಡೆಯುವ ಲೈಸೆನ್ಸನ್ನು ಓಪನ್ ಸೋರ್ಸ್ ಎಂದು ಕರೆಯುವಂತೆಯೇ ಇಲ್ಲ. ಆದರೆ ಪುಕ್ಕಟೆಯಾಗಿ ಸಿಕ್ಕಿದ್ದಕ್ಕೆ ಷರತ್ತೇ ಇರುವುದಿಲ್ಲ ಎಂದು ಭಾವಿಸಬೇಡಿ.

ಎಂಐಟಿ, ಬಿಎಸ್‌ಡಿ ಎಂಬ ಸಡಿಲ ಷರತ್ತಿನ ಲೈಸೆನ್ಸುಗಳ ಲೈಬ್ರರಿಗಳಾದರೆ ಕೃತಿಸ್ವಾಮ್ಯದ ಸೂಚನೆಯನ್ನೂ ಲೈಸೆನ್ಸಿನ ಪಠ್ಯವನ್ನೂ ಉತ್ಪನ್ನದ ಜೊತೆಗೆ ಕೊಟ್ಟರೆ ಸಾಕು. ಆದರೆ ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಬ್ಯುಸಿಬಾಕ್ಸ್ ಜಿಪಿಎಲ್ ಎಂಬ ಬಿಗಿ ಷರತ್ತಿನ ಲೈಸೆನ್ಸಿನ 1991ರ ಎರಡನೇ ಆವೃತ್ತಿಗೆ ಒಳಪಟ್ಟಿವೆ. ಯಂತ್ರ ಗ್ರಾಹಕರ ಕೈಸೇರಿದೊಡನೆ ಅವುಗಳ ಸೋರ್ಸ್ ಕೋಡನ್ನು (ಪ್ರೋಗ್ರಾಮಿನ ಮೂಲ ಬರಹವನ್ನು), ನೀವು ಮಾಡಿದ ಬದಲಾವಣೆ ಹಾಗೂ ಕಂಪೈಲ್ ಮಾಡುವ, ಅಂದರೆ ಅದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ, ಸ್ಕ್ರಿಪ್ಟುಗಳ ಸಮೇತ, ಜೊತೆಯಲ್ಲೇ ಕೊಡಬೇಕು. ಇಲ್ಲವೇ ಕೇಳಿದವರಿಗೆ ಕೊಡುತ್ತೇವೆಂದು ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆ ನೀಡಬೇಕು. ಲಿನಕ್ಸಿನ ಮೇಲೆ ಪ್ರತ್ಯೇಕವಾಗಿ ಓಡುವ ನಿಮ್ಮ ಬಿಲ್ಲಿಂಗ್ ಪ್ರೋಗ್ರಾಮಿಗೆ ಈ ಷರತ್ತು ತಗಲುವುದಿಲ್ಲ. ಸಾಮಾನ್ಯ ಸಿಸ್ಟಮ್ ಕಾಲ್ (ಕರ್ನಲ್ಲಿನಿಂದ ಸೇವೆ ಕೇಳುವ ವಿಧಾನ) ಬಳಸುವ ಪ್ರೋಗ್ರಾಮುಗಳನ್ನು ಕರ್ನಲ್ಲಿನ ಲೈಸೆನ್ಸ್ ಕಡತವೇ ಹೊರಗಿಟ್ಟಿದೆ. ಜಿಪಿಎಲ್ ಲೈಬ್ರರಿಯೊಂದನ್ನು ನಿಮ್ಮ ಪ್ರೋಗ್ರಾಮಿನೊಳಗೇ ಲಿಂಕ್ ಮಾಡಿದ್ದರೆ, ಅಂದರೆ ಬೆಸೆದಿದ್ದರೆ, ಮಾತು ಬೇರೆ. ಆಗ ನಿಮ್ಮ ಕೋಡೂ ಅದೇ ಲೈಸೆನ್ಸಿನಡಿ ಬರುತ್ತದೆಂಬುದು ಜಿಪಿಎಲ್ ರೂಪಿಸಿದವರ ನಿಲುವು.

ನಿಮ್ಮ ಯಂತ್ರದ ಸರ್ಕ್ಯೂಟ್ ಬೋರ್ಡನ್ನು ಸಾಫ್ಟ್‌ವೇರ್ ಸಮೇತ ಬೇರೆಯವರು ಪೂರೈಸುತ್ತಿದ್ದರೆ ಇನ್ನಷ್ಟು ಎಚ್ಚರ ಬೇಕು; ಅದರೊಳಗಿನ ಕೋಡಿನ ಹೊಣೆಯೂ ಮಾರುವ ನಿಮ್ಮದೇ. 2003ರಲ್ಲಿ ಲಿಂಕ್ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೌಟರಿನೊಳಗೆ ಲಿನಕ್ಸ್ ಇರುವುದನ್ನು ಬಳಕೆದಾರರು ಪತ್ತೆಹಚ್ಚಿ ಸೋರ್ಸ್ ಕೇಳಿದರು. ಅದೇ ವರ್ಷ ಲಿಂಕ್ಸಿಸನ್ನು ಕೊಂಡಿದ್ದ ಸಿಸ್ಕೋದ ಕೊರಳಿಗೆ ಆ ಹೊಣೆ ಬಿತ್ತು, ಕಡೆಗೆ ಕೋಡ್ ಹೊರಬಂತು. ಇಂದು ಅಸಂಖ್ಯ ರೌಟರುಗಳಲ್ಲಿ ಓಡುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಹುಟ್ಟಿದ್ದು ಆ ಕೋಡಿನಿಂದಲೇ. ಷರತ್ತು ಪಾಲಿಸಿದ್ದರಿಂದ ಲೋಕಕ್ಕೆ ಎಷ್ಟು ಒಳಿತಾಯಿತೆಂಬುದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ. ಆದ್ದರಿಂದ ಪೂರೈಕೆದಾರರು ಸೋರ್ಸ್ ಕೊಡುವವರೆಗೆ, ಅದನ್ನು ನೀವೇ ಕಂಪೈಲ್ ಮಾಡಿ ಯಂತ್ರ ಬೂಟ್ ಆಗುವುದನ್ನು ನೋಡುವವರೆಗೆ, ಪೂರ್ತಿ ಹಣ ಪಾವತಿಸಬೇಡಿ.

ಯಂತ್ರದೊಳಗಿನ ಪ್ರತಿಯೊಂದು ಲೈಬ್ರರಿಯ ಹೆಸರು, ಆವೃತ್ತಿ, ಲೈಸೆನ್ಸುಗಳ ಪಟ್ಟಿಯನ್ನು ಇಂದೇ ಬರೆದಿಡಿ. 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ ಓಪನ್ ಸೋರ್ಸ್ ಲೈಬ್ರರಿಯ ಭದ್ರತಾ ಲೋಪ ಬಯಲಾದಾಗ, ಅದು ತಮ್ಮ ಉತ್ಪನ್ನದಲ್ಲಿ ಇದೆಯೋ ಇಲ್ಲವೋ ಎಂದು ಹುಡುಕುವುದರಲ್ಲೇ ಅನೇಕ ಕಂಪನಿಗಳು ಅಮೂಲ್ಯ ದಿನಗಳನ್ನು ಕಳೆದುಕೊಂಡವು. ಆ ಪಟ್ಟಿಯಲ್ಲಿ ಲಿಂಕ್ ಆದ ಜಿಪಿಎಲ್ ಲೈಬ್ರರಿ ಒಂದು ಕಂಡರೂ, ಮೊದಲ ಯಂತ್ರ ಮಾರುವ ಮುನ್ನ ಕೃತಿಸ್ವಾಮ್ಯ ಬಲ್ಲ ವಕೀಲರಿಗೆ ತೋರಿಸಿ.