ಪಿಟಿ ಪೀರಿಯಡ್ ಇರೋ ದಿನಾನೇ ಮಗಳಿಗೆ ಹೊಟ್ಟೆನೋವು, ಏನ್ ಮಾಡ್ಲಿ?

4ನೇ ಕ್ಲಾಸ್ ಮಗಳು ಪಿಟಿ ಇರೋ ದಿನ ಮಾತ್ರ ಹೊಟ್ಟೆನೋವು ಅಂತಾಳೆ, ಧೈರ್ಯ ಬರೋಕೆ ಏನ್ ಮಾಡ್ಲಿ ಅಂತ ಕೇಳಿದೀರ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡಿ, ಆಮೇಲೆ ಇದನ್ನ ಓದಿ. ನಾನು ಶ್ರೀರಾಂಪುರದ ಕಡೆ ಒಂದು ಸ್ಕೂಲಲ್ಲಿ ಪಿಟಿ ಮೇಷ್ಟ್ರು, 16 ವರ್ಷ ಆಯ್ತು.

ಇಂಥ ಮಕ್ಕಳಿಗೆ ಆಟದ ಭಯ ಅಲ್ಲ, ಎಲ್ಲರ ಮುಂದೆ ಔಟಾಗಿ ಕೂರೋ ಭಯ. ಕೆರೆ-ದಡನೇ ನೋಡಿ, ಕೆರೆ ಅಂದ್ರೆ ಗೆರೆ ಒಳಗೆ ದಡ ಅಂದ್ರೆ ಹೊರಗೆ ಹಾರ್ಬೇಕು, ತಪ್ಪಿದ್ರೆ ಔಟು, ಅಂದ್ರೆ ಯಾವ ಮಗುಗೆ ಹಾರೋ ಅಭ್ಯಾಸ ಕಮ್ಮಿನೋ ಅದೇ ಮೊದ್ಲು ಹೋಗಿ ಗೋಡೆ ಪಕ್ಕ ಕೂರತ್ತೆ, ಚೆನ್ನಾಗಿ ಹಾರೋನು ಕೊನೇವರೆಗೂ ಹಾರ್ತಾನೇ ಇರ್ತಾನೆ. ಎಷ್ಟೋ ವರ್ಷ ನಾನೂ ಹಂಗೇ ಆಡಿಸ್ದೆ, ತಲೆಗೇ ಹೊಳೀಲಿಲ್ಲ. ಈಗ ಔಟಾದೋರು ಗೋಡೆ ಮುಟ್ಟಿ ಬಂದು ವಾಪಸ್ ಸೇರ್ಕೋಬೇಕು ಅಷ್ಟೆ. ಇಬ್ರು ಕ್ಯಾಪ್ಟನ್ ನಿಂತು ಒಬ್ಬೊಬ್ರನ್ನೇ ಆರಿಸೋದೂ ಬಿಟ್ಟೆ, ಒಂದು-ಎರಡು ಅಂತ ಎಣಿಸಿ ಟೀಮ್ ಮಾಡ್ತೀನಿ.

ಒಬ್ಳು ಹುಡುಗಿ ಇದ್ಲು, ಹಾಜರಿ ಕರೆದ್ರೂ ಬರೀ ಕೈ ಎತ್ತೋಳು. ಖೋಖೋದಲ್ಲಿ 8 ಜನ ಒಬ್ರು ಈ ಕಡೆ ಒಬ್ರು ಆ ಕಡೆ ಮುಖ ಮಾಡಿ ಕೂತಿರ್ತಾರಲ್ಲ, ಹಿಂದಿಂದ ಮುಟ್ಟಿ ಖೋ ಅಂತ ಕೂಗದಿದ್ರೆ ಕೂತೋರು ಏಳೋ ಹಾಗಿಲ್ಲ. ಇವಳು ಬೆನ್ನು ಮುಟ್ಟಿ ತುಟಿ ಅಲ್ಲಾಡಿಸೋಳು, ಕೂತೋಳು "ಏನಂದೆ, ಕೇಳಿಸ್ಲಿಲ್ಲ ಕಣೇ" ಅನ್ನೋಳು, ಅಷ್ಟ್ರಲ್ಲಿ ಓಡ್ತಿದ್ದೋಳು ಕಂಬ ದಾಟಿರೋಳು. ಮೂರನೇ ವಾರ ಸಿಟ್ಟು ಬಂದು ಖೋ ಅಂತ ಕಿರುಚಿದ್ಲು ನೋಡಿ, ಮೇಲಿನ ಫ್ಲೋರಿಂದ ಗಣಿತದ ಮಿಸ್ ಕಿಟಕೀಲಿ ಇಣುಕಿದ್ರು. (ಪಿಟಿ ಪೀರಿಯಡ್ ಸಾಲ ಕೇಳೋಕೆ ಬರೋರೂ ಅವ್ರೇ, ಅದು ಬೇರೆ ಕಥೆ.) ಮಾರನೇ ದಿನ ಹಾಜರೀಲಿ "ಯಸ್ ಸಾರ್" ಅಂದ್ಲು, ಮೆಲ್ಲಗೇ, ಆದ್ರೂ ಕೇಳಿಸ್ತು.

5ರಿಂದ 17 ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗೋ ಹಾಗೆ ಆಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ವಾರಕ್ಕೆ ಎರಡು ಪಿಟಿ ಪೀರಿಯಡ್ ಎಲ್ಲಿ ಸಾಕಾಗತ್ತೆ ಹೇಳಿ. ಸಂಜೆ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲೇ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಗೀಚಿ, ನೀವೂ ಕುಂಟಿ, ನೀವು ಬೀಳೋದನ್ನ ಅವಳು ನೋಡ್ಲಿ. ಕ್ರಿಕೆಟ್ ಕೋಚಿಂಗಿಗೆ ದುಡ್ಡು ಸುರಿಯೋದು ಈಗ್ಲೇ ಬೇಡ.

ಅವಳ ಪಿಟಿ ಮೇಷ್ಟ್ರ ಹತ್ರಾನೂ ಮಾತಾಡಿ, ಆದ್ರೆ ಅವಳು ಪಕ್ಕದಲ್ಲಿ ಇಲ್ಲದಾಗ.