ಆಂಟೆನಾ ಕಟ್ಟುವ ಮೊದಲೇ ಅದರ ವರ್ತನೆಯನ್ನು ಕಂಪ್ಯೂಟರ್‌ನಲ್ಲಿ ತಿಳಿಯಬಹುದೇ?

ಖಂಡಿತ ತಿಳಿಯಬಹುದು. ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಕೆದಾರರು) ಬಹುವಾಗಿ ನೆಚ್ಚಿರುವ ಎನ್‌ಇಸಿ-2 ತಂತ್ರಾಂಶವು ತಂತಿಯನ್ನು ಸಣ್ಣ ತುಂಡುಗಳಾಗಿ ವಿಭಾಗಿಸಿ, ಪ್ರತಿ ತುಂಡಿನ ವಿದ್ಯುತ್ ಪ್ರವಾಹವು ಉಳಿದವುಗಳ ಮೇಲೆ ಬೀರುವ ಪ್ರಭಾವವನ್ನು ಸಮೀಕರಣಗಳಾಗಿ ಬಿಡಿಸುತ್ತದೆ. ಪ್ರವಾಹ ತಿಳಿಯಿತೆಂದರೆ ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಆಂಟೆನಾ ಒಡ್ಡುವ ತಡೆ), ವಿಕಿರಣದ ದಿಕ್ಕು ಎಲ್ಲವೂ ಸಿಕ್ಕಂತೆಯೇ. ತುಂಡಿನ ಉದ್ದ ತರಂಗಾಂತರದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿರಲಿ.

ನನ್ನ ಮಟ್ಟಿಗೆ ದೊಡ್ಡ ಲಾಭವಿರುವುದು ಎತ್ತರದ ಲೆಕ್ಕದಲ್ಲಿ. 7.1 ಮೆಗಾಹರ್ಟ್ಸ್‌ನ ಸುಮಾರು 20 ಮೀಟರ್ ಉದ್ದದ ಡೈಪೋಲನ್ನು (ನಡುವಿನಲ್ಲಿ ವಿದ್ಯುತ್ ಉಣಿಸುವ ನೇರ ತಂತಿಯ ಆಂಟೆನಾ) 10 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಇಟ್ಟು ನೋಡಿ: ವಿಕಿರಣ ನೆತ್ತಿಯತ್ತಲೇ ಅತಿ ಪ್ರಬಲ. ಎತ್ತರವನ್ನು 21 ಮೀಟರ್‌ಗೆ ಏರಿಸಿದರೆ ಪ್ರಬಲ ವಿಕಿರಣದ ಕೋನ ನೆಲಮಟ್ಟದಿಂದ ಸುಮಾರು 30 ಡಿಗ್ರಿಗೆ ಇಳಿಯುತ್ತದೆ. ದೂರದ ಸಂಪರ್ಕಕ್ಕೆ ಬೇಕಾದದ್ದು ಅದೇ.

ಆದರೆ ಲೆಕ್ಕದಲ್ಲಿ ನೆಲವನ್ನು ಪರಿಪೂರ್ಣ ವಾಹಕವೆಂದು ಭಾವಿಸಬೇಡಿ. ಲಂಬ ಆಂಟೆನಾಗಳಲ್ಲಿ ಆ ಊಹೆ ತಗ್ಗು ಕೋನದ ವಿಕಿರಣವನ್ನು ಇಲ್ಲದಷ್ಟು ಹೆಚ್ಚಿಸಿ ತೋರಿಸುತ್ತದೆ.